ಅಳತೆಗೋಲು ತಟ್ಟೆಗೆ ಬಂದ ಕಥೆ

ಮಧ್ಯಾಹ್ನದ ಗಂಟೆ ಹೊಡೆದೊಡನೆ ಸರ್ಕಾರಿ ಶಾಲೆಯ ಜಗುಲಿಯಲ್ಲಿ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂರುತ್ತಾರೆ. ಬಿಸಿ ಅನ್ನ, ಅದರ ಮೇಲೆ ಸಾಂಬಾರು, ಪಕ್ಕದಲ್ಲಿ ಸುಲಿದ ಒಂದು ಬೇಯಿಸಿದ ಮೊಟ್ಟೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಕ್ಕಳು ಬಿಳಿಯ ಭಾಗವನ್ನು ಮೊದಲು ತಿಂದು ಹಳದಿಯನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಇನ್ನು ಕೆಲವರು ಅನ್ನವನ್ನೇ ಬಿಟ್ಟು ಮೊದಲು ಮೊಟ್ಟೆಗೆ ಕೈ ಹಾಕುತ್ತಾರೆ.

ಚಿಪ್ಪು ತೆಗೆದ ಆ ಮೊಟ್ಟೆಯ ತೂಕ ಸುಮಾರು 50 ಗ್ರಾಂ. ಅದರಲ್ಲಿ ಮುಕ್ಕಾಲು ಪಾಲು ಬರೀ ನೀರು. ಉಳಿದದ್ದರಲ್ಲಿ ಆರು ಗ್ರಾಂನಷ್ಟು ಪ್ರೋಟೀನ್, ಐದು ಗ್ರಾಂನಷ್ಟು ಕೊಬ್ಬು, ಒಂದಿಷ್ಟು ಜೀವಸತ್ವ ಮತ್ತು ಲವಣ. ಇಷ್ಟು ಸಣ್ಣ ವಸ್ತುವಿಗಾಗಿ ನಮ್ಮ ರಾಜ್ಯದಲ್ಲಿ ವರ್ಷಗಟ್ಟಲೆ ವಾದ ನಡೆದಿದೆ. ಸರ್ಕಾರಗಳು ಹೆಜ್ಜೆ ಮುಂದಿಟ್ಟು ಹಿಂದಿಟ್ಟಿವೆ. ಆದರೆ ವಾದ ಮಾಡಿದ ಬಹಳಷ್ಟು ಜನರಿಗೆ ತಿಳಿಯದ ಸಂಗತಿಯೊಂದಿದೆ. ಯಾವ ಆಹಾರದ ಪ್ರೋಟೀನ್ ಎಷ್ಟು ಉತ್ತಮ ಎಂದು ಅಳೆಯಲು ವಿಜ್ಞಾನಿಗಳು ದಶಕಗಳ ಕಾಲ ಇಟ್ಟುಕೊಂಡಿದ್ದ ಅಳತೆಗೋಲು ಇದೇ ಕೋಳಿಮೊಟ್ಟೆ. ಆ ಅಳತೆಗೋಲು ಪ್ರಯೋಗಶಾಲೆಯಿಂದ ಬಡ ಮಗುವಿನ ತಟ್ಟೆಗೆ ಬಂದ ಹಾದಿ ನೇರವಾದದ್ದಲ್ಲ. ದಾರಿಯಲ್ಲಿ ವಿಜ್ಞಾನವೂ ಹಲವು ಬಾರಿ ಎಡವಿದೆ.

ಹೆಸರು ಬಂದ ಬಗೆ

1838ರಲ್ಲಿ ಹಾಲೆಂಡಿನ ರಸಾಯನ ವಿಜ್ಞಾನಿ ಗೆರಿಟ್ ಯಾನ್ ಮುಲ್ಡರ್ ಮೊಟ್ಟೆಯ ಬಿಳಿ, ರಕ್ತದ ಹೆಪ್ಪು ಮೊದಲಾದ ವಸ್ತುಗಳನ್ನು ವಿಶ್ಲೇಷಿಸುತ್ತಿದ್ದರು. ಎಲ್ಲದರಲ್ಲೂ ಇಂಗಾಲ, ಜಲಜನಕ, ಆಮ್ಲಜನಕ ಮತ್ತು ಸಾರಜನಕ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಕಂಡುಬಂದವು. ಇವೆಲ್ಲಕ್ಕೂ ಮೂಲವಾದ ಒಂದು ವಸ್ತು ಇರಬೇಕೆಂದು ಅವರು ಊಹಿಸಿದರು. ಸ್ವೀಡನ್ನಿನ ಹಿರಿಯ ವಿಜ್ಞಾನಿ ಬರ್ಜೀಲಿಯಸ್ ಪತ್ರ ಬರೆದು ಅದಕ್ಕೊಂದು ಹೆಸರು ಸೂಚಿಸಿದರು: ಪ್ರೋಟೀನ್. ಗ್ರೀಕ್ ಮೂಲದ ಈ ಪದಕ್ಕೆ ‘ಮೊದಲ ಸ್ಥಾನದ್ದು’ ಎಂಬ ಅರ್ಥ. ಮೂಲ ವಸ್ತು ಒಂದೇ ಎಂಬ ಮುಲ್ಡರರ ಊಹೆ ಮುಂದೆ ತಪ್ಪೆಂದು ತಿಳಿಯಿತು. ಹೆಸರು ಮಾತ್ರ ಉಳಿಯಿತು.

ಜರ್ಮನ್ ಭಾಷೆಯಲ್ಲಿ ಇಂದಿಗೂ ಪ್ರೋಟೀನಿಗೆ ‘ಐವೈಸ್’ ಎನ್ನುತ್ತಾರೆ. ಅದರ ನೇರ ಅರ್ಥ ಮೊಟ್ಟೆಯ ಬಿಳಿ. ಕನ್ನಡದ ಶಾಲಾ ಪುಸ್ತಕಗಳು ‘ಸಸಾರಜನಕ’ ಎಂಬ ಪದವನ್ನು ಬಳಸಿದವು; ಅಂದರೆ ಸಾರಜನಕ ಉಳ್ಳದ್ದು. ಸಕ್ಕರೆ, ಪಿಷ್ಟ, ಎಣ್ಣೆಗಳಲ್ಲಿ ಸಾರಜನಕವಿಲ್ಲ, ಪ್ರೋಟೀನಿನಲ್ಲಿ ಇದೆ. ಜರ್ಮನ್ ಪದ ಅಡುಗೆಮನೆಯಿಂದ ಬಂದರೆ ನಮ್ಮ ಪದ ಪ್ರಯೋಗಶಾಲೆಯಿಂದ ಬಂದಿದೆ.

ಹೆಸರೇ ‘ಮೊದಲ ಸ್ಥಾನ’ ಎಂದ ಮೇಲೆ ಅದಕ್ಕೆ ಅತಿಯಾದ ಮರ್ಯಾದೆ ಸಿಕ್ಕಿದ್ದು ಸಹಜ. ಮಾಂಸಖಂಡ ದುಡಿಯುವಾಗ ಪ್ರೋಟೀನನ್ನೇ ಉರಿಸುತ್ತದೆ ಎಂದು ಜರ್ಮನಿಯ ಪ್ರಸಿದ್ಧ ವಿಜ್ಞಾನಿ ಲೀಬಿಗ್ ಸಾರಿದರು. 1865ರಲ್ಲಿ ಫಿಕ್ ಮತ್ತು ವಿಸ್ಲಿಸೇನಸ್ ಎಂಬ ಇಬ್ಬರು ವಿಜ್ಞಾನಿಗಳು ಪ್ರೋಟೀನ್ ಇಲ್ಲದ ಆಹಾರ ತಿಂದು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಬೆಟ್ಟ ಹತ್ತಿದರು. ತಮ್ಮ ಮೂತ್ರದಲ್ಲಿ ಹೊರಬಿದ್ದ ಸಾರಜನಕವನ್ನು ಅಳೆದಾಗ, ಬೆಟ್ಟ ಹತ್ತಲು ಬೇಕಾದ ಶಕ್ತಿ ಪ್ರೋಟೀನಿನಿಂದ ಬಂದಿರಲಾರದು ಎಂಬುದು ಸ್ಪಷ್ಟವಾಯಿತು. ಆದರೂ ದುಡಿಯುವ ಗಂಡಸಿಗೆ ದಿನಕ್ಕೆ 118 ಗ್ರಾಂ ಪ್ರೋಟೀನ್ ಬೇಕೆಂಬ ಮ್ಯೂನಿಕ್‌ನ ಕಾರ್ಲ್ ಫಾಯ್ಟ್ ಅವರ ಲೆಕ್ಕ ಬಹುಕಾಲ ನಡೆಯಿತು. 1904ರಲ್ಲಿ ಅಮೆರಿಕದ ಚಿಟೆಂಡನ್ ಸೈನಿಕರು, ಕ್ರೀಡಾಪಟುಗಳು ಮತ್ತು ತಮ್ಮ ಮೇಲೂ ಪ್ರಯೋಗ ನಡೆಸಿ, ಅದರ ಅರ್ಧದಷ್ಟರಲ್ಲೇ ಆರೋಗ್ಯವಾಗಿರಬಹುದೆಂದು ತೋರಿಸಿದರು. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು ವಯಸ್ಕರಿಗೆ ಒಂದು ಕಿಲೋ ದೇಹತೂಕಕ್ಕೆ 0.83 ಗ್ರಾಂ. ಅಂದರೆ 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ.

ಅಚ್ಚುಮೊಳೆಯ ಲೆಕ್ಕ

ಎಷ್ಟು ಪ್ರೋಟೀನ್ ಎಂಬ ಪ್ರಶ್ನೆಯ ಜೊತೆಗೆ ಎಂಥ ಪ್ರೋಟೀನ್ ಎಂಬ ಪ್ರಶ್ನೆಯೂ ಎದ್ದಿತು. ಅದಕ್ಕೆ ಉತ್ತರ ಹೇಳಿದ್ದು ಇಲಿಗಳು. 20ನೇ ಶತಮಾನದ ಎರಡನೇ ದಶಕದಲ್ಲಿ ಅಮೆರಿಕದ ಆಸ್ಬೋರ್ನ್ ಮತ್ತು ಮೆಂಡೆಲ್ ಇಲಿಗಳಿಗೆ ಒಂದೊಂದೇ ಬಗೆಯ ಪ್ರೋಟೀನ್ ತಿನ್ನಿಸಿ ನೋಡಿದರು. ಮೆಕ್ಕೆಜೋಳದ ‘ಜೀನ್’ ಎಂಬ ಪ್ರೋಟೀನನ್ನಷ್ಟೇ ತಿಂದ ಇಲಿಗಳು ಸೊರಗಿದವು. ಅದಕ್ಕೆ ಲೈಸಿನ್ ಮತ್ತು ಟ್ರಿಪ್ಟೋಫಾನ್ ಎಂಬ ಎರಡು ಅಮೈನೋ ಆಮ್ಲಗಳನ್ನು ಬೆರೆಸಿದಾಗ ಮತ್ತೆ ಬೆಳೆದವು.

ಹಳೆಯ ಮುದ್ರಣಾಲಯಗಳನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ದೇಹದ ಪ್ರೋಟೀನ್ ಅಚ್ಚಿನ ಪುಟವಿದ್ದಂತೆ, ಅಮೈನೋ ಆಮ್ಲಗಳು ಅಚ್ಚುಮೊಳೆಗಳಿದ್ದಂತೆ. ಒಟ್ಟು 20 ಬಗೆಯ ಮೊಳೆಗಳು. ಇವುಗಳಲ್ಲಿ ಒಂಬತ್ತನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಬರಬೇಕು. ‘ಲ’ ಅಕ್ಷರದ ಮೊಳೆ ಮುಗಿದುಹೋದರೆ ಉಳಿದ ಮೊಳೆಗಳು ರಾಶಿ ಬಿದ್ದಿದ್ದರೂ ಪುಟ ಮುಗಿಯುವುದಿಲ್ಲ. ಅಕ್ಕಿ, ಗೋಧಿ, ಜೋಳಗಳಲ್ಲಿ ಕಡಿಮೆ ಬೀಳುವ ಮೊಳೆ ಲೈಸಿನ್. ಬೇಳೆಕಾಳುಗಳಲ್ಲಿ ಲೈಸಿನ್ ಸಾಕಷ್ಟಿದೆ, ಅವುಗಳಲ್ಲಿ ಕೊರತೆ ಮೆಥಿಯೋನಿನ್‌ನದು. ಮುದ್ದೆಗೆ ಹುರುಳಿ ಸಾರು, ರೊಟ್ಟಿಗೆ ಕಾಳುಪಲ್ಯ, ಇಡ್ಲಿಗೆ ಅಕ್ಕಿಯ ಜೊತೆ ಉದ್ದು. ನಮ್ಮ ಹಿರಿಯರ ಈ ಜೋಡಿಗಳಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದೇ ಷರತ್ತು: ಸಾರಿನಲ್ಲಿ ಬೇಳೆ ಇರಬೇಕು!

ಮೊಟ್ಟೆಯಲ್ಲಿ ಒಂಬತ್ತೂ ಮೊಳೆಗಳು ಬೇಕಾದ ಪ್ರಮಾಣದಲ್ಲಿವೆ. ಇದರಲ್ಲಿ ಆಶ್ಚರ್ಯವೇನಿಲ್ಲ. ಹೊರಗಿನಿಂದ ಗಾಳಿ ಮತ್ತು ಕಾವು ಬಿಟ್ಟು ಬೇರೇನೂ ಪಡೆಯದೆ, 21 ದಿನಗಳಲ್ಲಿ ಒಂದು ಮರಿಯ ಮಾಂಸ, ಮೂಳೆ, ಪುಕ್ಕ, ಕಣ್ಣು ಎಲ್ಲವೂ ಅದರಿಂದಲೇ ಆಗಬೇಕು. ತಿಂದ ಪ್ರೋಟೀನಿನಲ್ಲಿ ಎಷ್ಟು ಪಾಲು ದೇಹದಲ್ಲಿ ಉಳಿಯಿತು ಎಂಬುದನ್ನು ಅಳೆಯುವ ‘ಜೈವಿಕ ಮೌಲ್ಯ’ದ ವಿಧಾನವನ್ನು 1924ರಲ್ಲಿ ಅಮೆರಿಕದ ಮಿಚೆಲ್ ರೂಪಿಸಿದರು. ಈ ಪಟ್ಟಿಗಳಲ್ಲಿ ಮೊಟ್ಟೆ ತುದಿಯಲ್ಲಿ ನಿಂತಿತು. ಅಲ್ಲಿಂದ ಮುಂದೆ ಮೊಟ್ಟೆಯನ್ನು 100 ಎಂದಿಟ್ಟುಕೊಂಡು ಉಳಿದ ಆಹಾರಗಳಿಗೆ ಅಂಕ ಕೊಡುವ ರೂಢಿ ಬೆಳೆಯಿತು.

ಹಸಿಯೋ, ಬೇಯಿಸಿದ್ದೋ?

ಗರಡಿಯ ಪೈಲ್ವಾನರು ಹಸಿ ಮೊಟ್ಟೆ ಒಡೆದು ಕುಡಿಯುವ ಮಾತು ನಮ್ಮಲ್ಲಿ ಹಳೆಯದು. ಹಸಿಯದರಲ್ಲೇ ಸತ್ವ ಹೆಚ್ಚು ಎಂಬ ನಂಬಿಕೆ ಇನ್ನೂ ಹೋಗಿಲ್ಲ. ವಿಜ್ಞಾನ ಹೇಳುವುದು ಇದಕ್ಕೆ ತದ್ವಿರುದ್ಧ. 1998ರಲ್ಲಿ ಪ್ರಕಟವಾದ ಬೆಲ್ಜಿಯಂನ ಅಧ್ಯಯನವೊಂದರ ಪ್ರಕಾರ ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ಸುಮಾರು ಶೇ. 91 ಜೀರ್ಣವಾದರೆ, ಹಸಿಯದರಲ್ಲಿ ಜೀರ್ಣವಾದದ್ದು ಸುಮಾರು ಶೇ. 51 ಮಾತ್ರ.

ಕಾರಣ ಸರಳ. ಹಸಿ ಮೊಟ್ಟೆಯಲ್ಲಿ ಪ್ರೋಟೀನಿನ ಎಳೆಗಳು ನೂಲಿನ ಉಂಡೆಯಂತೆ ಸುತ್ತಿಕೊಂಡಿರುತ್ತವೆ. ಬಿಸಿ ತಾಗಿದಾಗ ಉಂಡೆ ಬಿಚ್ಚಿಕೊಂಡು ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ನೀರಿನಂತಿದ್ದ ಬಿಳಿ ಗಟ್ಟಿಯಾಗುವುದು ಹೀಗೆ. ಬಿಚ್ಚಿದ ಎಳೆಯನ್ನು ಕತ್ತರಿಸುವುದು ಜೀರ್ಣರಸಕ್ಕೆ ಸುಲಭ. ಬಿಳಿ 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹೆಪ್ಪುಗಟ್ಟತೊಡಗುತ್ತದೆ. ಹಳದಿ ಗಟ್ಟಿಯಾಗಲು 65ರಿಂದ 70 ಡಿಗ್ರಿ ಬೇಕು. ಹಸಿ ಬಿಳಿಯಲ್ಲಿರುವ ಅವಿಡಿನ್ ಎಂಬ ವಸ್ತು ಬಯೋಟಿನ್ ಎಂಬ ಜೀವಸತ್ವವನ್ನು ಹಿಡಿದಿಟ್ಟು ದೇಹಕ್ಕೆ ಸಿಗದಂತೆ ಮಾಡುತ್ತದೆ. ಬೇಯಿಸಿದರೆ ಅದರ ಆಟ ನಡೆಯುವುದಿಲ್ಲ. ರೋಗಾಣುಗಳೂ ಸಾಯುತ್ತವೆ. ಹೆಚ್ಚು ಹೊತ್ತು ಬೆಂದ ಮೊಟ್ಟೆಯ ಹಳದಿಯ ಸುತ್ತ ಕಾಣುವ ಹಸಿರು ಬಳೆ ಕಬ್ಬಿಣ ಮತ್ತು ಗಂಧಕ ಕೂಡಿ ಆದದ್ದು. ನೋಡಲು ಚೆನ್ನಾಗಿರುವುದಿಲ್ಲ, ತಿಂದರೆ ತೊಂದರೆಯಿಲ್ಲ.

ಬಿಕ್ಕಟ್ಟು ಮತ್ತು ಎಡವಟ್ಟು

ಪ್ರೋಟೀನ್ ಕೊರತೆ ಜಗತ್ತಿನ ಗಮನಕ್ಕೆ ಬಂದದ್ದು ಆಫ್ರಿಕದಿಂದ. ಈಗಿನ ಘಾನಾದಲ್ಲಿ ವೈದ್ಯೆಯಾಗಿದ್ದ ಸಿಸಿಲಿ ವಿಲಿಯಮ್ಸ್, ಹೊಟ್ಟೆ ಉಬ್ಬಿ, ಕೈಕಾಲು ಊದಿ, ಚರ್ಮ ಸುಲಿದು ಸಾಯುತ್ತಿದ್ದ ಮಕ್ಕಳ ಬಗ್ಗೆ 1933ರಲ್ಲಿ ಬರೆದರು. 1935ರಲ್ಲಿ ಆ ರೋಗವನ್ನು ಸ್ಥಳೀಯರು ಕರೆಯುತ್ತಿದ್ದ ‘ಕ್ವಾಶಿಯೋರ್ಕರ್’ ಎಂಬ ಹೆಸರಿನಿಂದಲೇ ಪ್ರಕಟಿಸಿದರು. ಮತ್ತೊಂದು ಕೂಸು ಹುಟ್ಟಿದಾಗ ದೊಡ್ಡ ಮಗುವಿಗೆ ಬರುವ ಕಾಯಿಲೆ ಎಂಬುದು ಅದರ ಭಾವ. ತಾಯಿಯ ಹಾಲು ತಪ್ಪಿ, ಮೆಕ್ಕೆಜೋಳದ ಗಂಜಿಯೇ ಗತಿಯಾದ ಮಕ್ಕಳು ಅವರು.

ಎರಡನೇ ಮಹಾಯುದ್ಧದ ನಂತರ ಇದು ಜಾಗತಿಕ ಚಿಂತೆಯಾಯಿತು. 1955ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಪ್ರೋಟೀನ್ ಸಲಹಾ ಸಮಿತಿ ಹುಟ್ಟಿತು. 1968ರ ವರದಿಯೊಂದು ‘ಪ್ರೋಟೀನ್ ಬಿಕ್ಕಟ್ಟು’ ಎದುರಾಗಲಿದೆ ಎಂದು ಎಚ್ಚರಿಸಿತು. ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರಲ್ಲಿ ಆರಂಭವಾಗಿದ್ದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಈ ಕೆಲಸದಲ್ಲಿ ಮುಂದೆ ನಿಂತಿತು. ಕಡಲೆಕಾಯಿ ಹಿಂಡಿಯ ಹಿಟ್ಟು ಮತ್ತು ಕಡಲೆ ಹಿಟ್ಟು ಬೆರೆಸಿದ ‘ವಿವಿಧೋದ್ದೇಶ ಆಹಾರ’, ಕಡಲೆಕಾಯಿಯ ಪ್ರೋಟೀನ್ ಸೇರಿಸಿದ ಹಾಲು ‘ಮಿಲ್ಟೋನ್’ ಇಲ್ಲಿಯ ಸಂಶೋಧನೆಗಳು. ಮೊಟ್ಟೆ, ಹಾಲು ಕೊಳ್ಳಲಾರದ ದೇಶಕ್ಕೆ ಕಡಲೆಕಾಯಿಯಿಂದ ದಾರಿ ಹುಡುಕುವ ಪ್ರಯತ್ನ ಅದು.

ಅಷ್ಟರಲ್ಲಿ ಗಾಳಿ ತಿರುಗಿತು. 1974ರಲ್ಲಿ ಡೊನಾಲ್ಡ್ ಮೆಕ್‌ಲಾರೆನ್ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ, ಇಡೀ ಪ್ರೋಟೀನ್ ಅಭಿಯಾನವೇ ದೊಡ್ಡ ಎಡವಟ್ಟು ಎಂದು ಬರೆದರು. ಅದಕ್ಕೂ ಮೊದಲೇ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ಡಾ. ಸಿ. ಗೋಪಾಲನ್ ಇದೇ ದಿಕ್ಕಿನಲ್ಲಿ ಮಾತನಾಡಿದ್ದರು. ನಮ್ಮ ಮಕ್ಕಳಿಗೆ ಮೊದಲು ಬೇಕಾದದ್ದು ಹೊಟ್ಟೆ ತುಂಬ ಊಟ. ಮನೆಯ ಊಟವನ್ನೇ ಸಾಕಷ್ಟು ತಿಂದರೆ ಪ್ರೋಟೀನ್ ಕೂಡ ಬಹುಮಟ್ಟಿಗೆ ಒದಗುತ್ತದೆ ಎಂಬುದು ಅವರ ವಾದದ ತಿರುಳು. ಹೊಟ್ಟೆ ತುಂಬದ ಮಗುವಿಗೆ ಕೊಟ್ಟ ಪ್ರೋಟೀನನ್ನು ದೇಹ ಬೆಳವಣಿಗೆಗೆ ಬಳಸದೆ ಸೌದೆಯಂತೆ ಉರಿಸಿಬಿಡುತ್ತದೆ. ವಿಶ್ವಸಂಸ್ಥೆಯ ಪ್ರೋಟೀನ್ ಸಮಿತಿ ಕ್ರಮೇಣ ಮುಚ್ಚಿಹೋಯಿತು.

ಹಾಗಾದರೆ ಕಥೆ ಅಲ್ಲಿಗೇ ಮುಗಿಯಬೇಕಿತ್ತಲ್ಲವೇ? ಮುಗಿಯಲಿಲ್ಲ. ಪಡಿತರದ ಅಕ್ಕಿ ಬಂದು ಹೊಟ್ಟೆ ತುಂಬತೊಡಗಿದ ಮೇಲೂ ಮಕ್ಕಳ ಎತ್ತರ ಏರಬೇಕಾದಷ್ಟು ಏರಲಿಲ್ಲ. ಈ ನಡುವೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಭಾರತೀಯರಿಗೆ ಬೇಕಾದ ಲೈಸಿನ್ ಎಷ್ಟೆಂದು ಹೊಸ ವಿಧಾನಗಳಿಂದ ಅಳೆದರು. 1985ರ ಅಂತರರಾಷ್ಟ್ರೀಯ ವರದಿಯಲ್ಲಿ ವಯಸ್ಕರಿಗೆ ಒಂದು ಕಿಲೋ ದೇಹತೂಕಕ್ಕೆ ದಿನಕ್ಕೆ 12 ಮಿಲಿಗ್ರಾಂ ಎಂದಿದ್ದ ಲೈಸಿನ್ ಅಗತ್ಯ, 2007ರಲ್ಲಿ ಪ್ರಕಟವಾದ ವರದಿಯಲ್ಲಿ 30 ಮಿಲಿಗ್ರಾಂಗೆ ಏರಿತು. ಈ ಬದಲಾವಣೆಗೆ ಬೆಂಗಳೂರಿನ ಕೆಲಸದ ಕೊಡುಗೆಯೂ ಇತ್ತು. ಅನ್ನವೇ ಹೆಚ್ಚು, ಬೇಳೆ ಕಡಿಮೆ ಇರುವ ತಟ್ಟೆಯಲ್ಲಿ ಇಲ್ಲದ ಮೊಳೆ ಅದೇ ಲೈಸಿನ್. ಹೀಗೆ ‘ಎಂಥ ಪ್ರೋಟೀನ್’ ಎಂಬ ಹಳೆಯ ಪ್ರಶ್ನೆ ಮತ್ತೆ ಬಂದು ಕೂತಿತು. ಅದರೊಂದಿಗೆ ಮೊಟ್ಟೆಯೂ.

ಹಿತ್ತಿಲಿನಿಂದ ಫಾರಂಗೆ

ಇಷ್ಟೆಲ್ಲ ಲೆಕ್ಕಾಚಾರ ನಡೆಯುವಾಗ ನಮ್ಮ ಹಳ್ಳಿಗಳಲ್ಲಿ ಮೊಟ್ಟೆ ಎಲ್ಲಿತ್ತು? ಸಾಕು ಕೋಳಿಯ ಮೂಲ ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿ. ಆದರೆ ನಮ್ಮ ಪಾಲೂ ಅದರಲ್ಲಿದೆ. ಅನೇಕ ಸಾಕು ಕೋಳಿಗಳ ಚರ್ಮದ ಹಳದಿ ಬಣ್ಣಕ್ಕೆ ಕಾರಣವಾದ ವಂಶವಾಹಿ ಬಂದದ್ದು ಸಹ್ಯಾದ್ರಿಯೂ ಸೇರಿದಂತೆ ದಕ್ಷಿಣ ಭಾರತದ ಕಾಡುಗಳಲ್ಲಿ ಕೂಗುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಪತ್ತೆಯಾಯಿತು.

ಹಿತ್ತಿಲ ನಾಟಿ ಕೋಳಿ ವರ್ಷಕ್ಕೆ ಇಡುತ್ತಿದ್ದದ್ದು ಐವತ್ತು ಅರವತ್ತು ಮೊಟ್ಟೆ. ಅವುಗಳಲ್ಲಿ ಕೆಲವು ಕಾವಿಗೆ, ಕೆಲವು ಸಂತೆಗೆ. ಉತ್ತರ ಕರ್ನಾಟಕದವರು ತತ್ತಿ ಎನ್ನುವ ಈ ವಸ್ತು, ತಿನ್ನುವ ಮನೆಗಳಲ್ಲೂ ನಿತ್ಯದ ಊಟವಾಗಿರಲಿಲ್ಲ. ಅದು ಹೆಂಗಸರ ಸೆರಗಿನ ಗಂಟಿನ ಕಾಸು. ನೆಂಟರು ಬಂದಾಗ, ಮೈ ಹುಷಾರಿಲ್ಲದಾಗ ಮಾತ್ರ ಒಲೆಗೆ ಬರುತ್ತಿತ್ತು. 1950–51ರಲ್ಲಿ ಇಡೀ ದೇಶದ ಉತ್ಪಾದನೆ ಸುಮಾರು 183 ಕೋಟಿ. ತಲೆಗೆ ವರ್ಷಕ್ಕೆ ಐದು ಮೊಟ್ಟೆ!

ವಿದೇಶಿ ತಳಿಗಳು, ಹೆಸರಘಟ್ಟದಂಥ ಕಡೆಗಳಲ್ಲಿ ನಡೆದ ತಳಿ ಅಭಿವೃದ್ಧಿ, ಲಸಿಕೆ, ಮೇವು ಎಲ್ಲವೂ ಸೇರಿ ಚಿತ್ರ ಬದಲಾಯಿತು. ಫಾರಂ ಕೋಳಿ ವರ್ಷಕ್ಕೆ 300ರ ಆಸುಪಾಸು ಮೊಟ್ಟೆ ಇಡತೊಡಗಿತು. ದಲ್ಲಾಳಿಗಳ ಕೈಯಿಂದ ದರ ನಿಗದಿಯನ್ನು ಬಿಡಿಸಿಕೊಳ್ಳಲು ಕೋಳಿ ಸಾಕಣೆದಾರರು ಬಿ. ವಿ. ರಾವ್ ನೇತೃತ್ವದಲ್ಲಿ 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಕಟ್ಟಿದರು. ಭಾನುವಾರವಿರಲಿ ಸೋಮವಾರವಿರಲಿ ಮೊಟ್ಟೆ ತಿನ್ನಿ ಎಂದು ದೂರದರ್ಶನದಲ್ಲಿ ಹಾಡು ಹಾಡಿಸಿದ್ದು ಇವರೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಹಿತ್ತಿಲಿಗೆ ಒಗ್ಗುವ ‘ಗಿರಿರಾಜ’ ತಳಿ ಕೊಟ್ಟಿತು. 2023–24ರ ಹೊತ್ತಿಗೆ ದೇಶದ ಉತ್ಪಾದನೆ 14,277 ಕೋಟಿಗೆ, ತಲಾವಾರು ಲಭ್ಯತೆ 103ಕ್ಕೆ ಏರಿತು. ಆದರೆ ಸರಾಸರಿ ಎಂಬುದು ಮೋಸದ ಮಾತು. ನಗರದ ಜಿಮ್‌ನಲ್ಲಿ ದಿನಕ್ಕೆ ಆರು ಬಿಳಿ ತಿನ್ನುವ ಯುವಕನೂ, ತಿಂಗಳಿಗೊಂದು ಮೊಟ್ಟೆ ಕಾಣದ ಮಗುವೂ ಅದೇ 103ರೊಳಗೆ ಇದ್ದಾರೆ.

ತಟ್ಟೆಯ ಮುಂದೆ ವಾದ

ಆ ಮಗುವಿಗೆ ಮೊಟ್ಟೆ ತಲುಪಿಸುವ ಸುಲಭದ ಜಾಗ ಶಾಲೆ ಎಂಬುದನ್ನು ನೆರೆಯ ತಮಿಳುನಾಡು ಬೇಗ ಕಂಡುಕೊಂಡಿತು. 1989ರಲ್ಲಿ ಅಲ್ಲಿ ಎರಡು ವಾರಕ್ಕೊಂದು ಮೊಟ್ಟೆ ಶುರುವಾಗಿ, ಹಂತ ಹಂತವಾಗಿ ಶಾಲೆಯ ಎಲ್ಲ ದಿನಗಳಿಗೂ ಹಬ್ಬಿತು. ಕರ್ನಾಟಕದಲ್ಲಿ ಬಿಸಿಯೂಟ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಆರಂಭವಾಯಿತು. 2007ರಲ್ಲಿ ಮೊಟ್ಟೆ ಕೊಡುವ ಪ್ರಸ್ತಾಪ ಬಂದಾಗ ವಿರೋಧ ಎದ್ದು ಯೋಜನೆ ಕೈಬಿಡಲಾಯಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. ಮೊಟ್ಟೆ ಕಾಯುತ್ತಲೇ ಇತ್ತು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಕಲ್ಯಾಣ ಕರ್ನಾಟಕದಲ್ಲಿ ಸ್ಥಿತಿ ಇನ್ನೂ ಕಷ್ಟದ್ದು. 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಅಥವಾ ಬಾಳೆಹಣ್ಣು ಕೊಡಲಾರಂಭಿಸಿದಾಗ ಮತ್ತೆ ವಿರೋಧ ಕೇಳಿಬಂತು. ಒಂದೇ ಪಂಕ್ತಿಯಲ್ಲಿ ಭೇದವಾಗುತ್ತದೆ, ಸಸ್ಯಾಹಾರಿ ಮಕ್ಕಳ ಮನಸ್ಸಿಗೆ ಇರಿಸುಮುರಿಸಾಗುತ್ತದೆ ಎಂದು ಕೆಲವು ಮಠಾಧೀಶರು ಮತ್ತು ಸಂಘಟನೆಗಳು ಹೇಳಿದವು. ಮೊಟ್ಟೆ ಕಿತ್ತುಕೊಂಡರೆ ತಿನ್ನುವ ಮಕ್ಕಳಿಗೆ ಆಗುವುದೂ ಭೇದವೇ ಎಂದು ಇನ್ನೊಂದು ಕಡೆಯವರು ಹೇಳಿದರು. ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಉಣ್ಣುವ ಮಕ್ಕಳನ್ನೂ ಯಾರೂ ಕೇಳಿರಲಿಲ್ಲ. ಕಡೆಗೆ ಮಕ್ಕಳೇ ಮುಂದೆ ಬಂದು ತಮಗೆ ಮೊಟ್ಟೆ ಬೇಕು ಎಂದರು.

ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗದ ಮಕ್ಕಳೊಂದಿಗೆ ಹೋಲಿಸಿದ ಅಧ್ಯಯನದಲ್ಲಿ ಯಾದಗಿರಿಯವರ ತೂಕ ಹೆಚ್ಚು ಏರಿದ್ದು ಕಂಡುಬಂತು. 2022ರಲ್ಲಿ ಯೋಜನೆ ಇಡೀ ರಾಜ್ಯಕ್ಕೆ ಹಬ್ಬಿತು. ಅದೇ ವರ್ಷ ಶಿಕ್ಷಣ ನೀತಿಗಾಗಿ ರಾಜ್ಯದಲ್ಲಿ ಸಿದ್ಧವಾದ ಪತ್ರವೊಂದು ಮೊಟ್ಟೆ ಕೂಡದು ಎಂದು ವಾದಿಸಿ ಟೀಕೆಗೆ ಗುರಿಯಾಯಿತು. 2024ರ ಸೆಪ್ಟೆಂಬರ್‌ನಿಂದ, ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಗಳಿಗೆ ಒದಗಿಸಿದ ಸುಮಾರು 1,500 ಕೋಟಿ ರೂಪಾಯಿಗಳ ನೆರವಿನಿಂದ, ವಾರದ ಎರಡು ದಿನ ಇದ್ದ ಮೊಟ್ಟೆ ಆರು ದಿನಕ್ಕೆ ಏರಿತು.

ಅತಿಯ ಮಾತು ಬೇಡ

ಹಾಗೆಂದು ಮೊಟ್ಟೆಯನ್ನು ಸಂಜೀವಿನಿ ಎನ್ನಬೇಕಿಲ್ಲ. ಈಕ್ವೆಡಾರ್ ದೇಶದಲ್ಲಿ ಎಳೆಯ ಕೂಸುಗಳಿಗೆ ಆರು ತಿಂಗಳು ದಿನಕ್ಕೊಂದು ಮೊಟ್ಟೆ ಕೊಟ್ಟಾಗ ಕುಂಠಿತ ಬೆಳವಣಿಗೆ ಶೇ. 47ರಷ್ಟು ಕಡಿಮೆಯಾಯಿತು ಎಂದು 2017ರ ಅಧ್ಯಯನ ಹೇಳಿತು. ಎರಡು ವರ್ಷಗಳ ನಂತರ ಆಫ್ರಿಕದ ಮಲಾವಿಯಲ್ಲಿ ಅಂಥದೇ ಪ್ರಯೋಗದ ಫಲಿತಾಂಶ ಬಂದಾಗ ಎತ್ತರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲಿಯ ಮಕ್ಕಳು ಮೊದಲೇ ಮೀನು ತಿನ್ನುತ್ತಿದ್ದರು. ತಟ್ಟೆಯಲ್ಲಿ ಏನು ಇಲ್ಲವೋ ಅದನ್ನು ತುಂಬಿದಾಗಲೇ ಲಾಭ. ಮೊಟ್ಟೆಯಲ್ಲಿ ಸಿ ಜೀವಸತ್ವವಿಲ್ಲ, ನಾರಿಲ್ಲ. ಸೊಪ್ಪು, ಹಣ್ಣು, ಬೇಳೆಯ ಜಾಗವನ್ನು ಅದು ತುಂಬಲಾರದು. ಮೊಟ್ಟೆ ತಿನ್ನದ ಮನೆಯ ಮಗುವಿಗೆ ಹಾಲು, ಬೇಳೆ, ಕಾಳುಗಳ ದಾರಿ ಇದ್ದೇ ಇದೆ. ಬರೀ ಬಾಳೆಹಣ್ಣು ಮಾತ್ರ ಪ್ರೋಟೀನಿನ ಲೆಕ್ಕದಲ್ಲಿ ಮೊಟ್ಟೆಗೆ ಸಾಟಿಯಲ್ಲ ಎಂಬುದನ್ನು ಮರೆಯಬಾರದು.

ಕೊಲೆಸ್ಟರಾಲ್ ಭಯವೂ ಹೀಗೆಯೇ ಏರಿ ಇಳಿದದ್ದು. 1968ರಲ್ಲಿ ಅಮೆರಿಕದ ಹೃದಯ ಸಂಘ ವಾರಕ್ಕೆ ಮೂರಕ್ಕಿಂತ ಹೆಚ್ಚು ಹಳದಿ ಬೇಡವೆಂದಿತ್ತು. 2015ರ ಸುಮಾರಿಗೆ ಆ ದೇಶದ ಆಹಾರ ಮಾರ್ಗಸೂಚಿ ಆಹಾರದ ಕೊಲೆಸ್ಟರಾಲ್‌ಗೆ ಹಾಕಿದ್ದ ದಿನದ ಮಿತಿಯನ್ನು ಕೈಬಿಟ್ಟಿತು. ಸಕ್ಕರೆ ಕಾಯಿಲೆ, ಹೃದ್ರೋಗ ಇರುವ ಹಿರಿಯರು ವೈದ್ಯರನ್ನು ಕೇಳುವುದು ಒಳ್ಳೆಯದು. ಬೆಳೆಯುವ ಬಡ ಮಗುವಿನ ಪ್ರಶ್ನೆಯೇ ಬೇರೆ.

ಆ ಪ್ರಶ್ನೆ ಈಗ ಪ್ರಯೋಗಶಾಲೆಯಲ್ಲಿಲ್ಲ, ಶಾಲೆಯ ಅಡುಗೆಮನೆಯಲ್ಲಿದೆ. 2024ರಲ್ಲಿ ಒಂದು ಮೊಟ್ಟೆಗೆ ನಿಗದಿಯಾಗಿದ್ದ ಹಣ ಆರು ರೂಪಾಯಿ. ಮಾರುಕಟ್ಟೆಯಲ್ಲಿ ದರ ಏರಿದಾಗ ವ್ಯತ್ಯಾಸವನ್ನು ಯಾರು ತುಂಬಬೇಕು ಎಂಬುದು ಮುಖ್ಯೋಪಾಧ್ಯಾಯರ ಚಿಂತೆಯಾಯಿತು. ನೂರಾರು ಮೊಟ್ಟೆ ಬೇಯಿಸಿ ಸುಲಿಯುವುದು ಬಿಸಿಯೂಟದ ಅಮ್ಮಂದಿರ ಕೈಗೆ ಬಿದ್ದ ಹೆಚ್ಚಿನ ಕೆಲಸ. ಬರ್ಜೀಲಿಯಸ್ ಪ್ರೋಟೀನಿಗೆ ‘ಮೊದಲ ಸ್ಥಾನ’ದ ಹೆಸರು ಕೊಟ್ಟು 180 ವರ್ಷಗಳ ಮೇಲಾಯಿತು. ಅದು ಸಾಲಿನ ಕೊನೆಯಲ್ಲಿ ಕೂತ ಮಗುವಿಗೂ ದಿನವೂ ತಪ್ಪದೆ ತಲುಪಿತೇ ಎಂಬುದೇ ಇನ್ನು ಮುಂದಿನ ಅಳತೆ.